ಸೀಮೆಸುಣ್ಣದ ಬೆಟ್ಟ, ಮಾಳಿಗೆ ಮನೆ

ಬೆಟ್ಟದ ಬುಡದ ಒಂಟಿ ಮನೆ ಎಂದರೆ ಕರಿಹಲಗೆಯ ಮೇಲೆ ಮೂಡುವುದು ಹೆಚ್ಚಾಗಿ ಒಂದೇ ಚಿತ್ರ: ಎರಡು ತ್ರಿಕೋನ, ಅವುಗಳ ಸಂದಿಯಲ್ಲಿ ಸೂರ್ಯ, ಕೆಳಗೆ ಇಳಿಜಾರು ಸೂರಿನ ಗುಡಿಸಲು, ಪಕ್ಕದಲ್ಲೊಂದು ತೆಂಗಿನ ಮರ. ಕನ್ನಡ ಶಾಲೆಗಳಿರುವ ಆಂಧ್ರದ ಗಡಿಸೀಮೆಯ ರಾಯದುರ್ಗ, ಮಡಕಶಿರಾಗಳಿಗೆ ಈ ಅಚ್ಚು ಹೊಂದುವುದಿಲ್ಲ.

ಇಲ್ಲಿಯದು ಗ್ರಾನೈಟ್ ಬೆಟ್ಟ. ಬಂಡೆ ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಕಳಚಿ, ಬಿರುಕಿನಗುಂಟ ಒಡೆದು, ಗುಂಡುಗಲ್ಲಾಗಿ ಉಳಿದಿದೆ; ಮೊನಚು ತುದಿ ಅಪರೂಪ. ಸಮುದ್ರಮಟ್ಟದಿಂದ 2,727 ಅಡಿ ಎತ್ತರದ ರಾಯದುರ್ಗದ ಕೋಟೆಬೆಟ್ಟವೂ ಒಂದೇ ಶಿಖರವಲ್ಲ. ಒಂದು ಎತ್ತರದ, ಒಂದು ತಗ್ಗಿನ ಎರಡು ದಿಬ್ಬಗಳ ನಡುವೆ ಬೆಟ್ಟ ಬಾಗಿದೆ. ಆ ಬಾಗು ಸರಿಯಾಗಿ ಬಂದರೆ ಅರ್ಧ ಚಿತ್ರ ಮುಗಿದಂತೆ.

ಬಿಳಿ ಕಾಗದದ ಮೇಲೆ ಪೆನ್ಸಿಲ್ ಬರೆಯುವುದು ನೆರಳನ್ನು. ಹಲಗೆಯ ಮೇಲೆ ಸೀಮೆಸುಣ್ಣ ಬರೆಯುವುದು ಬೆಳಕನ್ನು. ನೆರಳು ಹಲಗೆಯಲ್ಲಿ ಮೊದಲೇ ಇದೆ, ಅದನ್ನು ಮುಟ್ಟದೆ ಬಿಟ್ಟರಾಯಿತು. ಗೆರೆಯಿಂದ ಸುತ್ತ ಅಂಚು ಕಟ್ಟಿದರೆ ಬಂಡೆ ಇಡ್ಲಿಯಾಗುತ್ತದೆ. ಸೀಮೆಸುಣ್ಣದ ತುಂಡನ್ನು ಅಡ್ಡ ಮಲಗಿಸಿ, ಬಿಸಿಲು ಬೀಳುವ ಮೈಗಷ್ಟೇ ಒತ್ತಿ ಉಜ್ಜಬೇಕು. ನೆರಳಿಗೆ ಹೊರಳುವೆಡೆ ಬೆರಳಿನಿಂದ ತೀಡಬೇಕು. ಕಲ್ಲು-ಕಲ್ಲಿನ ಸಂದು ಕಪ್ಪಾಗಿಯೇ ಇರಲಿ.

ಇನ್ನು ಮನೆ. ಇಳಿಜಾರು ಸೂರು ಮಲೆನಾಡಿನ ಜಡಿಮಳೆಗೆ ಬೇಕಾದದ್ದು. ಮಳೆ ಕಡಿಮೆಯಿರುವ ಈ ಬಯಲುಸೀಮೆಯ ಹಳೆಯ ಮನೆ ಮಾಳಿಗೆ ಮನೆ: ತೊಲೆ, ಜಂತೆ, ಮೇಲೆ ಚಪ್ಪಟೆಯಾಗಿ ಹರಡಿದ ಮಣ್ಣು, ನೀರು ಇಳಿಯದಂತೆ ಚೌಳು ಮಣ್ಣಿನ ಹೊದಿಕೆ. ಚಿತ್ರಗಾರನಿಗೆ ಇದು ಅನುಕೂಲವೇ. ದುಂಡುಕಲ್ಲುಗಳ ರಾಶಿಯಲ್ಲಿ ನೇರ ಅಂಚಿನ ಆಕಾರ ಇದೊಂದೇ ಆದ್ದರಿಂದ, ಹೆಬ್ಬೆರಳಿನ ಉಗುರಷ್ಟು ಚಿಕ್ಕದಿದ್ದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮನೆ ಚಿಕ್ಕದಾದಷ್ಟೂ ಬೆಟ್ಟ ದೊಡ್ಡದು. ಬಿಸಿಲಿನ ಗೋಡೆ ಅಚ್ಚ ಬಿಳಿ, ಪಕ್ಕದ ಗೋಡೆ ಮಾಸಲು, ಬಾಗಿಲು ಖಾಲಿ ಹಲಗೆ.

ಇನ್ನು ಬಣ್ಣ. ಶಾಲೆಯ ಸೀಮೆಸುಣ್ಣ ಈಗ ಹೆಚ್ಚಾಗಿ ಜಿಪ್ಸಂ. ಯುರೋಪಿನ ಹಳೆಯ ಚಿತ್ರಕಾರರ ಕೆಂಪು ಚಾಕ್ ಕಬ್ಬಿಣದ ಅಂಶವಿರುವ ಮಣ್ಣು. ಈ ಸೀಮೆಯ ಕೆಂಪು ಹೊಲಕ್ಕೂ ಆ ಬಣ್ಣ ಒಂದು ಸಾಕು, ಹಸಿರು ಬೇಡ.

ಹಲಗೆಯ ಚಿತ್ರ ಡಸ್ಟರ್ ಬರುವ ತನಕ. ಉಳಿಸುವ ಆಸೆಯಿದ್ದರೆ ಒರಟು ಕಪ್ಪು ಕಾಗದ ಹಿಡಿಯಬೇಕು, ಪುಡಿ ಕೊಡವಿ ಚಿತ್ರ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವವನ್ನು ತೆಳುವಾಗಿ ಸಿಂಪಡಿಸಬೇಕು. ಅದು ಬಿಳಿಯನ್ನು ಮಂಕಾಗಿಸುತ್ತದೆ. ಆದ್ದರಿಂದ ಬಿಸಿಲಿನ ಗೋಡೆಗೆ ಕೊನೆಯ ಬಿಳಿ ಹಚ್ಚುವುದು ಸಿಂಪಡಿಸಿ ಒಣಗಿದ ಮೇಲೆ.