ಮರಗಳ ನಡುವಣ ಮನೆ

ಮರಗಳ ನಡುವೆ ಒಂದು ಮನೆ: ಭೂದೃಶ್ಯ ಚಿತ್ರಕಲೆಯಲ್ಲಿ ಇದಕ್ಕಿಂತ ಸರಳವಾದ ವಸ್ತು ಇರಲಾರದು. ಆದರೆ ಆ ಮನೆ ಯಾರದು, ಆ ಮರ ಯಾರಿಗೆ ಸೇರಿದ್ದು ಎಂದು ಕೇಳಿದೊಡನೆ ನಾವು ಚಿತ್ರವನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಇಂಗ್ಲೆಂಡಿನ ರಮ್ಯಪಂಥದ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1816ರಲ್ಲಿ ರಚಿಸಿದ ‘ವಿವನ್‌ಹೋ ಪಾರ್ಕ್’ ಚಿತ್ರದಲ್ಲಿ, ನೀರಿನಾಚೆ ಮರಗಳ ಸಂದಿಯಿಂದ ಕೆಂಪು ಮನೆಯೊಂದು ಕಿರಿದಾಗಿ ಇಣುಕುತ್ತದೆ. ಈಚೆಗೆ ಮೇಯುವ ಹಸುಗಳು, ಬಲೆ ಹಿಡಿದ ಬೆಸ್ತರು. ಮೇಲೆ ಮುಗಿಲಿನ ಓಟ. ಇದು ಆ ಜಮೀನಿನ ಒಡೆಯರು ಬರೆಯಿಸಿದ ಚಿತ್ರ. ಅವರು ಬಯಸಿದ ವಿವರಗಳೆಲ್ಲ ಹಿಡಿಸಲೆಂದು ಚಿತ್ರಕಾರರು ಕ್ಯಾನ್‌ವಾಸಿನ ಎರಡೂ ಬದಿಗೆ ಬಟ್ಟೆ ಜೋಡಿಸಬೇಕಾಯಿತು. ಬೆಳಕಿನಲ್ಲಿ ಕಲಾವಿದನ ಸ್ವಾತಂತ್ರ್ಯವಿದೆ. ಮರಗಳಲ್ಲಿ ಒಡೆತನದ ಗುರುತಿದೆ.

ನಮ್ಮ ರುಮಾಲೆ ಚನ್ನಬಸವಯ್ಯನವರ (1910–1988) ಬೆಂಗಳೂರಿನ ಚಿತ್ರಗಳಲ್ಲಿ ಈ ಸಂಬಂಧ ಬದಲಾಗಿದೆ. ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡಿದ್ದ ಅವರು ಬಯಲಿನಲ್ಲಿಯೇ ಕುಳಿತು ಬರೆದರು. ಅಲ್ಲಿ ಗುಲ್‌ಮೊಹರ್, ಜಕರಂಡಾ ಮೈತುಂಬ ಅರಳಿ ಮುಂದೆ ನಿಲ್ಲುತ್ತವೆ. ದಾರಿಹೋಕನಿಗೂ ದಕ್ಕುವ ಮರಗಳವು. ಆದರೂ ಒಂದು ಮಾತು ಹೇಳಲೇಬೇಕು: ಹೂವಿನ ಆ ಸಂಭ್ರಮದಲ್ಲಿ ಮನೆಯೊಳಗೆ ಬಾಳುವವರು ಮರೆಯಾಗುತ್ತಾರೆ.

ಬ್ರಹ್ಮಸಮುದ್ರದ ಸುತ್ತಿನ ನಮ್ಮ ಗಡಿನಾಡು ಮಳೆ ಕಡಿಮೆಯ ಸೀಮೆ. ಇಲ್ಲಿ ಮನೆಯ ಮುಂದಿನ ಬೇವು ಅಲಂಕಾರಕ್ಕಲ್ಲ. ಬೇಸಗೆಯ ಮಧ್ಯಾಹ್ನ ಅದರ ನೆರಳೇ ನಮ್ಮ ನಡುಮನೆ. ಶೇಂಗಾ ಬಿಡಿಸುವುದು, ಎತ್ತು ಕಟ್ಟುವುದು, ಕನ್ನಡ ತೆಲುಗುಗಳೆರಡರಲ್ಲೂ ಸುಖದುಃಖ ಮಾತಾಡುವುದು ಅಲ್ಲಿಯೇ. ಹೀಗಿದ್ದೂ ನಮ್ಮ ಮಕ್ಕಳು ಶಾಲೆಯಲ್ಲಿ ‘ಸೀನರಿ’ ಬರೆಯಲು ಕುಳಿತರೆ ಕಾಗದದ ಮೇಲೆ ಮೂಡುವುದು ಎರಡು ಬೆಟ್ಟ, ನಡುವೆ ಸೂರ್ಯ, ತುಂಬಿ ಹರಿಯುವ ಹೊಳೆ, ದಂಡೆಯಲ್ಲೊಂದು ತೆಂಗು, ಹಂಚಿನ ಮನೆ. ತಾವು ಬಾಳುವ ನೆಲ ಚಿತ್ರಕ್ಕೆ ತಕ್ಕುದಲ್ಲವೆಂಬುದನ್ನು ಅವರು ಅರಿಯದೆಯೇ ಕಲಿತಿದ್ದಾರೆ. ನಮ್ಮ ಮನೆಮಾತು ಸಾಹಿತ್ಯಕ್ಕೆ ಒದಗದೆಂದು ಹಿಂಜರಿಯುವ ನಾವು ಹಿರಿಯರೂ ಅದೇ ಪಾಠವನ್ನು ಒಪ್ಪಿದವರೇ.

ಕಾನ್‌ಸ್ಟೆಬಲ್ ಅವರ ಹೆಸರು ನಿಂತಿರುವುದು ಸಫಕ್ ಮತ್ತು ಎಸೆಕ್ಸ್ ಸೀಮೆಗಳ ಗಡಿಯಲ್ಲಿ ಹರಿಯುವ, ತಾವು ಹುಟ್ಟಿ ಬೆಳೆದ ಸ್ಟೌರ್ ಹೊಳೆಯ ದಂಡೆಯನ್ನು ಮತ್ತೆ ಮತ್ತೆ ಬರೆದುದರಿಂದ. ರುಮಾಲೆಯವರ ಹೆಸರು ನಿಂತಿರುವುದು ತಮ್ಮ ಊರಿನ ಮರಗಳೆದುರು ಕುಳಿತುದರಿಂದ. ಅವರ ಹಸುರನ್ನಾಗಲಿ ಹೂವನ್ನಾಗಲಿ ನಾವು ಎರವಲು ತರಬೇಕಿಲ್ಲ; ಅವರು ತಮ್ಮ ನೆಲದ ಮೇಲಿರಿಸಿದ ಗಮನವಷ್ಟೇ ನಮಗೆ ಬೇಕಾದುದು. ಮುಂದೆ ನಮ್ಮ ಸಂಘಗಳು ಚಿತ್ರಸ್ಪರ್ಧೆ ಏರ್ಪಡಿಸುವಾಗ ಮಕ್ಕಳನ್ನು ಕೊಠಡಿಯಿಂದ ಹೊರತಂದು, ಬೇವಿನ ಮರದೆದುರು ಕೂರಿಸಿ, ಆ ನೆರಳನ್ನೂ ಅದರಲ್ಲಿ ಕುಳಿತವರನ್ನೂ ಬರೆಯಲು ಹೇಳಲಿ.