ಉರಿಯೂತದ ಪರವಾಗಿ ಒಂದು ವಾದ

ಸೊಂಟ ಹಿಡಿದುಕೊಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಡಾಕ್ಟರಲ್ಲ, ಮೆಡಿಕಲ್ ಶಾಪು. ಡೈಕ್ಲೋಫೆನಾಕ್ ಎಂಬ ಉರಿಯೂತನಿರೋಧಕ ಮಾತ್ರೆ ನುಂಗಿ ಸಂಜೆಯ ಹೊತ್ತಿಗೆ ಎದ್ದು ಓಡಾಡುವವರ ಮುಂದೆ, ಆ ಮಾತ್ರೆಯೇ ನೋವನ್ನು ತಿಂಗಳುಗಟ್ಟಲೆ ಉಳಿಸಬಹುದು ಎಂದರೆ ತಲೆಹರಟೆ ಅನ್ನಿಸೀತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಲೂಡಾ ಡಯಾಚೆಂಕೊ, ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು 2022ರಲ್ಲಿ ‘ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಮುಂದಿಟ್ಟದ್ದು ಹೆಚ್ಚುಕಡಿಮೆ ಇದನ್ನೇ.

ಹೊಸದಾಗಿ ಸೊಂಟನೋವು ಬಂದ 98 ಮಂದಿಯ ರಕ್ತವನ್ನು ಅವರು ಶುರುವಿನಲ್ಲೊಮ್ಮೆ, ಮೂರು ತಿಂಗಳ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರು. ನೋವು ಹೋದವರ ರಕ್ತಕಣಗಳಲ್ಲಿ ಅಷ್ಟರೊಳಗೆ ಭಾರೀ ಸಂಖ್ಯೆಯ ಜೀನ್‌ಗಳ ಚಟುವಟಿಕೆ ಬದಲಾಗಿತ್ತು. ನೋವು ಉಳಿದವರಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ವಾಸಿಯಾದವರಲ್ಲಿ ಮೊದಲ ದಿನಗಳಲ್ಲಿ ಜೋರಾಗಿ ಎದ್ದದ್ದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಅಂದರೆ ಉರಿಯೂತ ಚೆನ್ನಾಗಿ ಉರಿದವರೇ ಬೇಗ ಚೇತರಿಸಿಕೊಂಡಿದ್ದರು.

ಇದು ವಿಚಿತ್ರವೆನಿಸುವುದು ನ್ಯೂಟ್ರೋಫಿಲ್‌ನ ಅರ್ಧ ಕೆಲಸವನ್ನಷ್ಟೇ ಬಲ್ಲವರಿಗೆ. ನಮ್ಮ ಅಸ್ಥಿಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ. ಪೆಟ್ಟಾದ ಜಾಗಕ್ಕೆ ಅವು ಗಂಟೆಗಳಲ್ಲಿ ಬಂದು ಮುತ್ತುತ್ತವೆ, ಸುತ್ತಲಿನ ಅಂಗಾಂಶಕ್ಕೂ ಹಾನಿ ಮಾಡುತ್ತವೆ, ಕೆಲಸ ಮುಗಿದ ಮೇಲೆ ತಾವಾಗಿ ಸಾಯುತ್ತವೆ. ಸಾಯುವ ಕಣ ತನ್ನ ಪೊರೆಯ ಒಳಮೈಯಲ್ಲಿದ್ದ ಫಾಸ್ಫಟೈಡಿಲ್‌ಸೆರಿನ್ ಎಂಬ ಕೊಬ್ಬಿನ ಅಣುವನ್ನು ಹೊರಮೈಗೆ ತಿರುಗಿಸುತ್ತದೆ. ಮ್ಯಾಕ್ರೊಫೇಜ್ ಎಂಬ ಇನ್ನೊಂದು ರಕ್ಷಕ ಕಣ ಆ ಗುರುತು ಹಿಡಿದು ಅದನ್ನು ನುಂಗುತ್ತದೆ. ನುಂಗಿದ ಮ್ಯಾಕ್ರೊಫೇಜ್‌ನ ವರ್ತನೆಯೇ ಬದಲಾಗುತ್ತದೆ: ಇಂಟರ್‌ಲ್ಯೂಕಿನ್-10ರಂಥ, ಉರಿ ತಗ್ಗಿಸುವ ಪದಾರ್ಥಗಳನ್ನು ಅದು ಹೊರಬಿಡತೊಡಗುತ್ತದೆ. ಉರಿಯೂತ ಇಳಿಯುವುದು ಸುಸ್ತಾಗಿ ಅಲ್ಲ, ಇಂಥ ಕ್ರಿಯೆಗಳಿಂದ. ಇನ್ನೊಂದು ಸ್ವಾರಸ್ಯ, ಊತ ತರುವ ಪ್ರೊಸ್ಟಗ್ಲಾಂಡಿನ್ E2 ಎಂಬ ರಾಸಾಯನಿಕವೇ ಮುಂದೆ ನ್ಯೂಟ್ರೋಫಿಲ್‌ಗಳನ್ನು ಲಿಪಾಕ್ಸಿನ್ ತಯಾರಿಕೆಯತ್ತ ತಿರುಗಿಸುತ್ತದೆ. ಲಿಪಾಕ್ಸಿನ್ ಹೊಸ ಕಣಗಳು ಬರುವುದನ್ನು ತಡೆಯುತ್ತದೆ. ಡೈಕ್ಲೋಫೆನಾಕ್ ತಡೆಯುವುದು ಆ ಪ್ರೊಸ್ಟಗ್ಲಾಂಡಿನ್‌ಗಳನ್ನೇ.

ಮೆಕ್‌ಗಿಲ್ ಅಧ್ಯಯನದ ಗಟ್ಟಿ ಭಾಗ ಇಲಿಗಳ ಪ್ರಯೋಗ. ಉರಿಯೂತ ಹತ್ತಿಕ್ಕುವ ಡೆಕ್ಸಾಮೆಥಾಸೋನ್ ಅಥವಾ ಡೈಕ್ಲೋಫೆನಾಕ್ ಕೊಟ್ಟ ಇಲಿಗಳಿಗೆ ಆಗಿನ ಮಟ್ಟಿಗೆ ಆರಾಮ ಸಿಕ್ಕಿತು, ಆದರೆ ನೋವು ಬಹುಕಾಲ ಎಳೆಯಿತು. ನೋವನ್ನಷ್ಟೇ ಮರೆಸುವ ಮಾರ್ಫಿನ್, ಗ್ಯಾಬಪೆಂಟಿನ್, ಲಿಡೊಕೇನ್ ಕೊಟ್ಟಾಗ ಹಾಗಾಗಲಿಲ್ಲ. ಈ ಹೋಲಿಕೆಯನ್ನು ನಾನು ಮೆಚ್ಚುತ್ತೇನೆ. ತಪ್ಪು ನೋವು ಮರೆಸುವುದರಲ್ಲಿಲ್ಲ, ಉರಿಯೂತವನ್ನು ಹತ್ತಿಕ್ಕುವುದರಲ್ಲಿದೆ ಎಂಬುದನ್ನು ಇದು ಬೇರ್ಪಡಿಸಿ ತೋರಿಸಿತು. ನ್ಯೂಟ್ರೋಫಿಲ್‌ಗಳನ್ನು ತೆಗೆದುಹಾಕಿದಾಗಲೂ ನೋವು ಎಳೆಯಿತು. ಅವು ಸ್ರವಿಸುವ S100A8/A9 ಪ್ರೊಟೀನುಗಳನ್ನು ಚುಚ್ಚಿದಾಗ ದೀರ್ಘಕಾಲದ ನೋವು ಬೇರೂರಲಿಲ್ಲ.

ಮನುಷ್ಯರ ವಿಷಯಕ್ಕೆ ಬಂದಾಗ ವಾದ ತೆಳ್ಳಗಾಗುತ್ತದೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಆರೋಗ್ಯ ಮಾಹಿತಿ ಸಂಗ್ರಹದ ದಾಖಲೆಗಳಲ್ಲಿ, ಉರಿಯೂತನಿರೋಧಕ ನುಂಗಿದವರಿಗೆ ವರ್ಷಗಳ ನಂತರವೂ ಸೊಂಟನೋವು ಉಳಿದಿರುವ ಸಂಭವ ಹೆಚ್ಚಿತ್ತು. ನೋವು ಜಾಸ್ತಿ ಇದ್ದವರೇ ಮಾತ್ರೆ ನುಂಗಿರಬಹುದಲ್ಲ? ಉರಿಯೂತಕ್ಕೆ ಅಷ್ಟಾಗಿ ಕೈಹಾಕದ ಪ್ಯಾರಸಿಟಮಾಲ್ ತೆಗೆದುಕೊಂಡವರಲ್ಲಿ ಹಾಗೆ ಕಾಣಲಿಲ್ಲ ಎಂಬುದು ಸಂಶೋಧಕರ ಉತ್ತರ. ಒಳ್ಳೆಯ ಉತ್ತರವೇ, ಆದರೆ ಪೂರ್ತಿ ಒಪ್ಪುವಂಥದ್ದಲ್ಲ. ಯಾರಿಗೆ ಯಾವ ಮಾತ್ರೆ ಎಂದು ಚೀಟಿ ಎತ್ತಿ ಕೊಟ್ಟಿರಲಿಲ್ಲ. ರಕ್ತಪರೀಕ್ಷೆಯ ಆ 98 ಮಂದಿ ಎಂಬುದೂ ಚಿಕ್ಕ ಗುಂಪು.

ಹಾಗೆಂದು ಸಂಧಿವಾತದವರು ಮಾತ್ರೆ ಬಿಡಬೇಕಿಲ್ಲ. ಅಲ್ಲಿ ಉರಿಯೂತ ಮುಗಿಯುವುದನ್ನೇ ಮರೆತಿರುತ್ತದೆ. ಅದನ್ನು ಹಿಡಿಯದಿದ್ದರೆ ಕೀಲುಗಳೇ ಸವೆಯುತ್ತವೆ. ಈ ಸಂಶೋಧನೆ ಪ್ರಶ್ನಿಸುವುದು ಉಳುಕಿದ ಕಾಲಿಗೂ ಹಿಡಿದ ಸೊಂಟಕ್ಕೂ ಕೌಂಟರಿನಲ್ಲಿ ಕೈಗೆ ಸಿಗುವ ಡೈಕ್ಲೋಫೆನಾಕ್ ಪಟ್ಟಿಯನ್ನು. ಮೊದಲ ಕೆಲವು ದಿನ ಪ್ಯಾರಸಿಟಮಾಲ್‌ನಲ್ಲೇ ಸುಧಾರಿಸಬಹುದೇ ಎಂದು ವೈದ್ಯರನ್ನು ಕೇಳುವುದಕ್ಕೆ ಇಷ್ಟು ಪುರಾವೆ ಸಾಕು. ಮಾತ್ರೆ ಪಟ್ಟಿಯನ್ನು ತಿಪ್ಪೆಗೆಸೆಯುವುದಕ್ಕೆ ಸಾಲದು.