ನಕಲಿನ ನೋವು ಯಾರದು?

ಸ್ವೀಡನ್ ದೇಶದ ಫ್ರಿಕ್ಷನಲ್ ಗೇಮ್ಸ್ ಸಂಸ್ಥೆಯು 2015ರ ಸೆಪ್ಟೆಂಬರಿನಲ್ಲಿ ಹೊರತಂದ ‘ಸೋಮಾ’ ಎಂಬ ಕಂಪ್ಯೂಟರ್ ಆಟವನ್ನು ಭಯಾನಕ ಆಟಗಳ ಸಾಲಿನಲ್ಲಿ ಇರಿಸುವುದು ವಾಡಿಕೆ. ಕತ್ತಲೆ, ಕಡಲಿನ ಆಳ, ಅಲ್ಲಿ ಅಲೆಯುವ ವಿಕಾರ ಆಕೃತಿಗಳು ಎಲ್ಲವೂ ಇದರಲ್ಲಿ ಉಂಟು. ಮನೆಯ ಮಕ್ಕಳು ಇಂಥದನ್ನು ಆಡುತ್ತಿರುವಾಗ ಹಿರಿಯರು ಪರದೆಯತ್ತ ಒಮ್ಮೆ ಕಣ್ಣು ಹಾಯಿಸಿ, ಇದೂ ಒಂದು ರಕ್ತಪಾತದ ಆಟವೆಂದು ಮುಖ ತಿರುಗಿಸುವುದು ಸಹಜವೇ. ಆದರೆ ಇಲ್ಲಿ ಆ ಆಕೃತಿಗಳೊಡನೆ ಹೋರಾಡಲು ಆಟಗಾರನಿಗೆ ಆಯುಧವಿಲ್ಲ. ಅವಿತುಕೊಳ್ಳಬೇಕು, ಇಲ್ಲವೇ ಓಡಬೇಕು. ಹಾಗಿದ್ದೂ ಹಿಂಸೆಯ ಪ್ರಶ್ನೆಯನ್ನು ಇಷ್ಟು ಸೂಕ್ಷ್ಮವಾಗಿ ಎತ್ತಿದ ಆಟ ವಿರಳ.

ಕಥಾನಾಯಕ ಸೈಮನ್ ಜಾರೆಟ್ ಕೆನಡಾದ ಟೊರಾಂಟೋ ನಗರದ ಯುವಕ. ಕಾರು ಅಪಘಾತದಲ್ಲಿ ಮೆದುಳಿಗೆ ಪೆಟ್ಟು ಬಿದ್ದ ಅವನು 2015ರಲ್ಲಿ ಚಿಕಿತ್ಸೆಗೆಂದು ಮೆದುಳಿನ ಸ್ಕ್ಯಾನ್ ಮಾಡಿಸಿಕೊಳ್ಳಲು ಕುರ್ಚಿಯಲ್ಲಿ ಕೂರುತ್ತಾನೆ. ಕಣ್ಣು ತೆರೆಯುವುದು 2104ರಲ್ಲಿ, ಅಟ್ಲಾಂಟಿಕ್ ಸಾಗರದ ತಳದ ‘ಪ್ಯಾಥೋಸ್-2’ ಎಂಬ ಸಂಶೋಧನಾ ನೆಲೆಯಲ್ಲಿ. ಹಿಂದಿನ ವರ್ಷವಷ್ಟೇ ಧೂಮಕೇತುವೊಂದು ಅಪ್ಪಳಿಸಿ ನೆಲದ ಮೇಲಿನ ಬದುಕು ಅಳಿದಿದೆ. ಎಚ್ಚೆತ್ತವನು ಆ ಸೈಮನ್ ಅಲ್ಲ. ಅಂದಿನ ಸ್ಕ್ಯಾನಿನಿಂದ ಬೇರೊಂದು ದೇಹದಲ್ಲಿ ಎಬ್ಬಿಸಲಾದ ಪ್ರತಿ. ಅವನಿಗೆ ಜೊತೆಯಾಗುವ ವಿಜ್ಞಾನಿ ಕ್ಯಾಥರೀನ್ ಚುನ್ ಕೂಡ ಒಂದು ಪ್ರತಿಯೇ. ಮನುಷ್ಯರ ಮನಸ್ಸುಗಳ ಪ್ರತಿಗಳನ್ನು ತುಂಬಿದ ‘ಆರ್ಕ್’ ಎಂಬ ಪೆಟ್ಟಿಗೆಯನ್ನು ಅಂತರಿಕ್ಷಕ್ಕೆ ಕಳುಹಿಸುವುದು ಇಬ್ಬರ ಗುರಿ.

ಈ ಬಗೆಯ ಆಟಗಳಲ್ಲಿ ಒಗಟುಗಳು ಸಾಮಾನ್ಯವಾಗಿ ಬೀಗ, ಕೀಲಿ, ತಂತಿಗಳ ಸಂಗತಿ. ‘ಸೋಮಾ’ದ ಅತ್ಯುತ್ತಮ ಒಗಟು ಒಬ್ಬ ಮನುಷ್ಯ. ಒಂದು ಘಟ್ಟದಲ್ಲಿ ಭದ್ರತೆಯ ಗುಪ್ತಸಂಕೇತವೊಂದು ಬೇಕಾಗುತ್ತದೆ. ಅದನ್ನು ಬಲ್ಲ ಬ್ರ್ಯಾಂಡನ್ ವಾನ್ ಸತ್ತಿದ್ದಾನೆ, ಅವನ ಸ್ಕ್ಯಾನ್ ಉಳಿದಿದೆ. ಅದನ್ನು ಎಬ್ಬಿಸಿ, ಕೃತಕವಾದ ಕೋಣೆಯೊಂದರಲ್ಲಿ ಕೂರಿಸಿ ಸಂಕೇತವನ್ನು ಕೇಳಬೇಕು. ಅವನಿಗೆ ಸಂಶಯ ಬರುತ್ತದೆ, ಗಾಬರಿಯಾಗುತ್ತಾನೆ, ಕ್ಯಾಥರೀನ್ ನಿಲ್ಲಿಸುತ್ತಾಳೆ. ಮತ್ತೆ ಎಬ್ಬಿಸುವುದು, ಬೇರೆ ಹಿನ್ನೆಲೆ ತೋರಿಸುವುದು, ಮತ್ತೆ ಅದೇ ಗಾಬರಿ. ಹಿಂದಿನ ಸಲದ ನೆನಪು ಅವನಿಗಿಲ್ಲವಾದ್ದರಿಂದ ಪ್ರತಿ ಸಲವೂ ಭಯ ಹೊಚ್ಚಹೊಸದು. ಕಡೆಗೆ ಅವನು ಪ್ರೀತಿಸಿದ ಹೆಣ್ಣಿನ ರೂಪವನ್ನು ಮುಂದಿಟ್ಟು ಮಾತು ಹೊರಡಿಸಬೇಕು. ಒಗಟು ಬಿಡಿಸುವ ಉತ್ಸಾಹದಲ್ಲಿ ಆಟಗಾರನು ಹಿನ್ನೆಲೆಗಳನ್ನು ಬದಲಾಯಿಸುತ್ತ ಹೋಗುತ್ತಾನೆ. ತಾನು ಒಬ್ಬನನ್ನು ವಂಚಿಸಿ ಹಿಂಸಿಸುತ್ತಿದ್ದೇನೆಂಬುದು ಹೊಳೆಯುವಾಗ ಸಂಕೇತ ಕೈಸೇರಿರುತ್ತದೆ. ಅವನಿಗೆ ಏನೂ ನೆನಪಿರುವುದಿಲ್ಲವಲ್ಲ ಎಂಬ ಸಮಾಧಾನ ಸುಲಭವಾಗಿ ಬಾಯಿಗೆ ಬರುತ್ತದೆ. ನೋಯುವ ಕ್ಷಣದಲ್ಲಿ ನೋವು ನೋವೇ ಅಲ್ಲವೇ? ಮರೆವು ಅದನ್ನು ಹೇಗೆ ಹಿಂದಕ್ಕೆ ಪಡೆದೀತು?

ಇನ್ನೊಂದೆಡೆ ಒಂದು ಬಿಡಿಭಾಗಕ್ಕಾಗಿ ಎರಡು ಯಂತ್ರಗಳಲ್ಲಿ ಒಂದನ್ನು ಹಾಳುಮಾಡಬೇಕು. ಒಂದು ತನ್ನನ್ನು ಮನುಷ್ಯನೆಂದೇ ನಂಬಿ ಮಾತನಾಡುತ್ತದೆ. ಇನ್ನೊಂದು ಮಾತು ಬಾರದ, ಆಟಗಾರನೊಡನೆ ಸ್ನೇಹದಿಂದಿರುವ ಪುಟ್ಟ ಸಹಾಯಕ ಯಂತ್ರ. ಮಾತು ಬಲ್ಲದ್ದಕ್ಕೆ ಮಾತ್ರ ಕರುಣೆ ಸಲ್ಲಬೇಕೆಂಬ ಅಭ್ಯಾಸ ಎಷ್ಟು ಆಳವಾದುದೆಂದು ಇಲ್ಲಿ ತಿಳಿಯುತ್ತದೆ.

ಇಂಥ ಆಯ್ಕೆಗಳನ್ನು ಮುಂದಿಡುವ ಆಟಗಳು ಬಹುಮಟ್ಟಿಗೆ ಜಮಾ-ಖರ್ಚಿನ ಪುಸ್ತಕವನ್ನೂ ಇಡುತ್ತವೆ: ಒಳ್ಳೆಯದಕ್ಕೆ ಇಷ್ಟು ಅಂಕ, ಕೆಟ್ಟದ್ದಕ್ಕೆ ಬೇರೊಂದು ಮುಕ್ತಾಯ. ‘ಸೋಮಾ’ದಲ್ಲಿ ಆ ಪುಸ್ತಕವಿಲ್ಲ. ಕೊಂದರೂ ಉಳಿಸಿದರೂ ಕಥೆಯ ಕೊನೆ ಒಂದೇ. ಇದನ್ನು ದೋಷವೆಂದು ಎಣಿಸುವವರಿದ್ದಾರೆ. ಆದರೆ ಲಾಭದ ಆಸೆಯಿಂದ ತೋರಿದ ದಯೆ ವ್ಯಾಪಾರವೇ ಹೊರತು ದಯೆಯಲ್ಲ. ಪ್ರತಿಫಲವನ್ನು ತೆಗೆದುಹಾಕಿದ್ದರಿಂದಲೇ ಇಲ್ಲಿನ ಆಯ್ಕೆಗೆ ತೂಕ ಬಂದಿದೆ.

ಸೈಮನ್ನನ ದೊಡ್ಡ ತಪ್ಪು ಲೆಕ್ಕಪತ್ರದ್ದು ಎನ್ನಬಹುದು. ವರ್ಗಾವಣೆಯೆಂದರೆ ಒಂದು ಖಾತೆಯಿಂದ ಕಳೆದು ಇನ್ನೊಂದಕ್ಕೆ ಕೂಡಿಸುವುದು. ಸ್ಕ್ಯಾನಿನಲ್ಲಿ ಕಳೆಯುವುದೇ ಇಲ್ಲ. ಇದ್ದವನು ಇದ್ದಲ್ಲಿಯೇ ಇರುತ್ತಾನೆ, ಇನ್ನೊಬ್ಬ ಹುಟ್ಟುತ್ತಾನೆ. ಕಡಲಿನ ಇನ್ನೂ ಆಳಕ್ಕೆ ಇಳಿಯಲು ಹೊಸ ದೇಹ ಪಡೆದಾಗ ಹಳೆಯ ಸೈಮನ್ ಅಲ್ಲೇ ನಿದ್ರಿಸುತ್ತ ಕುಳಿತಿರುವುದನ್ನು ಅವನು ಕಣ್ಣಾರೆ ಕಾಣುತ್ತಾನೆ. ಆ ನಿದ್ರಿತನನ್ನು ಹಾಗೆಯೇ ಬಿಡುವುದೋ, ವಿದ್ಯುತ್ತು ಕಳೆದು ಮುಗಿಸುವುದೋ ಆಟಗಾರನಿಗೆ ಬಿಟ್ಟದ್ದು. ಇಷ್ಟಾದರೂ ತಾನು ‘ನಾಣ್ಯದ ಚಿಮ್ಮಿನಲ್ಲಿ’ ಗೆದ್ದೆನೆಂದು ಸೈಮನ್ ನಂಬುತ್ತಾನೆ. ಇದೇ ತಪ್ಪು ನೆಲೆಯ ಇತರರನ್ನು ಇನ್ನೂ ಘೋರವಾದ ಹಾದಿಗೆ ಒಯ್ದಿತ್ತು. ಪ್ರತಿ ಸಿದ್ಧವಾದೊಡನೆ ದೇಹವನ್ನು ತ್ಯಜಿಸಿದರೆ ‘ತಾನು’ ಆರ್ಕಿನಲ್ಲಿ ಮುಂದುವರಿಯುವೆನೆಂದು ನಂಬಿ ಕೆಲವರು ಪ್ರಾಣ ಕಳೆದುಕೊಂಡ ದಾಖಲೆಗಳು ಅಲ್ಲಲ್ಲಿ ಸಿಗುತ್ತವೆ.

ಕೃತಿಯಲ್ಲಿ ಕೊರತೆಗಳಿಲ್ಲದಿಲ್ಲ. ಎರಡು ಸಲ ಕಂಡದ್ದನ್ನು ಮೂರನೆಯ ಸಲವೂ ಸೈಮನ್ ಅರಿಯದಿರುವುದು ಪ್ರೇಕ್ಷಕನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಕೊನೆಯ ಆಘಾತಕ್ಕಾಗಿ ಕತೆಗಾರರು ಅವನನ್ನು ದಡ್ಡನನ್ನಾಗಿಸಿದರೆಂದು ತೋರುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿ ಬೆನ್ನಟ್ಟುವ ವಿಕಾರ ಆಕೃತಿಗಳು. ಗಹನವಾದ ಸಂಭಾಷಣೆಯೊಂದನ್ನು ಕೇಳಿ ಮನಸ್ಸು ಭಾರವಾಗಿರುವಾಗ ಕಪಾಟಿನ ಹಿಂದೆ ಅವಿತುಕೊಳ್ಳಬೇಕಾಗುವುದು ರಸಭಂಗವೇ ಸರಿ. ತಯಾರಕರಿಗೂ ಇದು ಹೊಳೆದಿರಬೇಕು. ಆ ಆಕೃತಿಗಳು ಆಟಗಾರನನ್ನು ಕೊಲ್ಲದಂಥ ‘ಸೇಫ್ ಮೋಡ್’ ಎಂಬ ವ್ಯವಸ್ಥೆಯನ್ನು 2017ರ ಡಿಸೆಂಬರಿನಲ್ಲಿ ಸೇರಿಸಿದರು. ಅಮೆರಿಕದಲ್ಲಿ ಈ ಆಟವನ್ನು 17 ವರ್ಷ ಮೇಲ್ಪಟ್ಟವರಿಗೆಂದು ವರ್ಗೀಕರಿಸಲಾಗಿದೆ. ಆ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಈ ವ್ಯವಸ್ಥೆಯಲ್ಲಿ, ಹಿರಿಯರು ಪಕ್ಕದಲ್ಲಿ ಕುಳಿತು ನೋಡುವುದಾದರೆ ಒಳಿತು. ಬೆನ್ನಟ್ಟುವವರ ಭಯ ಅದರಲ್ಲಿ ಬಹಳ ತಗ್ಗುತ್ತದೆ. ಬ್ರ್ಯಾಂಡನ್ ವಾನನನ್ನು ಎಬ್ಬಿಸುವ ಕೋಣೆ ಮಾತ್ರ ಮೊದಲಿದ್ದಂತೆಯೇ ಇದೆ.